ಮೊಲೊಬಾಲಿಗೆ ಮರ್ಯಾದೆ ಕೊಟ್ಟ ಮಧ್ಯಾಹ್ನ

ನ್ಯೆಲೆ: ಒಂದು ಮಾತು ಹೇಳಿಬಿಡಿ ಅಂದೆ, ಅಷ್ಟೇ. ನಾಲಿಗೆ ಏನು ಸವೆದುಹೋಗುತ್ತಾ?

ಜುಮಾನ: ಸವೆಯೋದು ನಾಲಿಗೆ ಅಲ್ಲ ಕಣೇ, ಮನೆತನ.

ನ್ಯೆಲೆ: ಮನೆತನ ಇಟ್ಕೊಂಡು ಚಹಾ ಕುದಿಸೋಕಾಗಲ್ಲ. ಅದಕ್ಕೆ ಕೆಟಲು ಬೇಕು.

ಜುಮಾನ: ಕೆಟಲು ಯಾರದು? ನಮ್ಮಣ್ಣಂದು. ನಮ್ಮ ಸಾಮಾನನ್ನ ನಾವೇ ಕೈಯೊಡ್ಡಿ ಬೇಡಬೇಕಾ? ಯಾವ ಊರಿನ ನ್ಯಾಯ ಇದು?

ನ್ಯೆಲೆ: ಈ ಊರಿಂದೇ. ನೀವು ಹುಟ್ಟೋಕೆ ಮುಂಚಿನಿಂದ ಇದೆ.

ಜುಮಾನ ದಿಯಾರಾ ಹೆಂಡತಿಗೆ ಬೆನ್ನು ಹಾಕಿ, ಸೂಜಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಹೊಲಿಗೆ ಯಂತ್ರದ ಮೇಲೆ ಬಗ್ಗಿದ. ಸೆಗು ಊರಿನಲ್ಲಿ ಅವನಷ್ಟು ಚೆನ್ನಾಗಿ ನಿಲುವಂಗಿಯ ಕುತ್ತಿಗೆಗೆ ಕಸೂತಿ ಹಾಕುವವರು ಇಲ್ಲವೆಂದು ಅವನ ಗಟ್ಟಿ ನಂಬಿಕೆ. ಓದು ಬರಹವನ್ನೂ ಯಾರ ಹಂಗಿಲ್ಲದೆ ತಾನೇ ಕಲಿತವನು. ಅಂಥವನು ಈಗ ಒಂದು ಸಣ್ಣ ನೀಲಿ ಕೆಟಲಿಗಾಗಿ ತಲೆ ತಗ್ಗಿಸಬೇಕಾಗಿ ಬಂದಿತ್ತು.

ಆದದ್ದು ಇಷ್ಟು. ದಿಯಾರಾ ಮನೆತನಕ್ಕೂ ದೆಂಬೆಲೆ ಮನೆತನಕ್ಕೂ ತಾತ ಮುತ್ತಾತಂದಿರು ಹಾಕಿಕೊಟ್ಟ ನಗೆನಂಟು. ಒಬ್ಬರನ್ನೊಬ್ಬರು ಎಷ್ಟು ಬೇಕಾದರೂ ಬೈಯಬಹುದು, ಕೋಪ ಮಾತ್ರ ಮಾಡಿಕೊಳ್ಳುವ ಹಾಗಿಲ್ಲ. ಇವರ ಮನೆಯ ಸಾಮಾನನ್ನು ಅವರು ಎತ್ತಿಕೊಂಡು ಹೋದರೆ ಕಳವು ಅನ್ನುವ ಹಾಗಿಲ್ಲ. ಬಿಡಿಸಿಕೊಳ್ಳಬೇಕಾದರೆ ನಾಲ್ಕು ಜನರ ಮುಂದೆ "ನಾವು ನಿಮ್ಮ ಆಳುಗಳು, ಅಲಸಂದೆ ತಿಂದು ಬದುಕುವವರು" ಎಂದು ಒಪ್ಪಿಕೊಳ್ಳಬೇಕು. ಜುಮಾನನ ಅಣ್ಣ ಲಾಸಿನಾ ತೀರಿಕೊಂಡು ನಲವತ್ತನೆಯ ದಿನದ ಊಟಕ್ಕೆ ಮಣ್ಣುಗೋಡೆ ಕಟ್ಟುವ ಮೇಸ್ತ್ರಿ ಮೊಲೊಬಾಲಿ ದೆಂಬೆಲೆ ಬಂದ. ನಗೆನಂಟಿನ ವಾಡಿಕೆಯಂತೆ ಸತ್ತವನ ಹಳೆಯ ನಿಲುವಂಗಿಯನ್ನೇ ತೊಟ್ಟು, ಅವನ ಹಾಗೆಯೇ ಎಡಗಾಲು ಎಳೆದು ನಡೆದು, "ಇಷ್ಟೊಂದು ಸಕ್ಕರೆ ಯಾರು ಸುರಿದದ್ದು?" ಎಂದು ಅವನ ದನಿಯಲ್ಲೇ ಗದರಿದ. ಅಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ವಿಧವೆ ಅತ್ತಿಗೆಯೂ ನಕ್ಕಳು. ನಗದೆ ಉಳಿದವನು ಜುಮಾನ ಒಬ್ಬನೇ. ಹೋಗುವಾಗ ಮೊಲೊಬಾಲಿ ಲಾಸಿನಾನ ಚಹಾ ಕೆಟಲನ್ನು ಎತ್ತಿಕೊಂಡು ಹೋದ.

ನ್ಯೆಲೆ: ನಿಮ್ಮಣ್ಣ ಎಷ್ಟು ಸಲ ಹೇಳಿಲ್ಲ ಆ ಮಾತನ್ನ! ಮೊಲೊಬಾಲಿನೇ ಹೇಳ್ತಿದ್ದ, ವರ್ಷಕ್ಕೊಂದು ಸಲವಾದ್ರೂ ಹೇಳಿಸಿಕೊಳ್ತೀನಿ ಅಂತ. ಅವರ ಕಿರೀಟ ಏನಾದ್ರೂ ಬಿದ್ದುಹೋಯ್ತಾ?

ಜುಮಾನ: ಅಣ್ಣ ಮೆತ್ತಗಿನ ಮನುಷ್ಯ. ಹೇಳಿರ್ತಾನೆ. ನಾನು ಹೇಳಲ್ಲ.

ನ್ಯೆಲೆ: ಅದಿರಲಿ, ಬೆಳಿಗ್ಗೆ ಇಮಾಮರ ಹತ್ರ ಹೋಗಿದ್ರಂತೆ?

ಜುಮಾನ: ಯಾರು ಹೇಳಿದ್ದು?

ನ್ಯೆಲೆ: ಅವರ ಹೆಂಡ್ತಿ. ಮೀನು ಕೊಳ್ಳೋ ಹತ್ರ ಸಿಕ್ಕಿದ್ರು. ನಗೋ ರಭಸಕ್ಕೆ ಬುಟ್ಟಿಲಿದ್ದ ಮೀನೆಲ್ಲ ಮಣ್ಣುಪಾಲು ಮಾಡ್ಕೊಂಡ್ರು, ಪಾಪ.

ಜುಮಾನ: ನಗೋ ಅಂಥದ್ದು ಏನೂ ಕೇಳಿಲ್ಲ ನಾನು. ಕದಿಯೋದು ಪಾಪ ಹೌದೋ ಅಲ್ವೋ ಅಂತ ಕೇಳ್ದೆ. ಹೌದು, ದೊಡ್ಡ ಪಾಪ ಅಂದ್ರು. ಕದ್ದೋನಿಗೆ ಶಿಕ್ಷೆ ಇದೆಯೋ ಅಂದೆ. ಇದೆ ಅಂದ್ರು. ಹುಬ್ಬು ಗಂಟು ಹಾಕ್ಕೊಂಡು, "ಯಾರಪ್ಪ ಆ ನೀಚ?" ಅಂದ್ರು.

ನ್ಯೆಲೆ: ನೀವು ಹೆಸರು ಹೇಳಿದ್ರಿ.

ಜುಮಾನ: ಹೇಳ್ದೆ. ಗಡ್ಡ ಹಿಡ್ಕೊಂಡು ನಗೋಕೆ ಶುರು ಮಾಡಿದ್ರು! "ಜುಮಾನ, ಗ್ರಂಥದಲ್ಲಿ ಕಳ್ಳನ ವಿಷಯ ಇದೆ, ದೆಂಬೆಲೆ ವಿಷಯ ಇಲ್ಲ" ಅಂತಾರೆ. ಹಾಗಾದ್ರೆ ದೇವರ ಮಾತು ದೊಡ್ಡದೋ, ತಾತಂದಿರ ಮಾತು ದೊಡ್ಡದೋ, ಅದನ್ನಾದ್ರೂ ಹೇಳಿ ಅಂದೆ.

ನ್ಯೆಲೆ: ಏನಂದ್ರು?

ಜುಮಾನ: ದೇವರು ಪರಲೋಕದಲ್ಲಿ ವಿಚಾರಿಸ್ಕೋತಾನೆ, ಅಲ್ಲಿವರೆಗೂ ನಿಮ್ಮ ತಾತ ನೋಡ್ಕೊಳ್ಳಲಿ ಅಂದ್ರು. ಇದೂ ಒಂದು ತೀರ್ಪಾ?

ನ್ಯೆಲೆ: ನನಗೇನೋ ಸರಿಯಾಗೇ ಕಾಣುತ್ತೆ. ಅದೇನು, ಬಟ್ಟೆ ಕೆಳಗೆ ಮುಚ್ಚಿಟ್ಟಿರೋದು?

ಜುಮಾನ: ಏನಿಲ್ಲ.

ನ್ಯೆಲೆ: ಏನಿಲ್ಲಕ್ಕೆ ಮೂತಿ ಬಂದಿದೆಯಲ್ಲ!

ಅವಳು ಬಟ್ಟೆ ಎತ್ತಿದಳು. ಸಂತೆಯಿಂದ ಅಂದೇ ಬಂದ ಹೊಸ ಕೆಟಲು, ಕೆಂಪು ಬಣ್ಣದ್ದು, ಹೊಟ್ಟೆ ಮೇಲೆ ಹೂವಿನ ಚಿತ್ರ. ಜುಮಾನ ಗಂಟಲು ಸರಿ ಮಾಡಿಕೊಂಡ.

ಜುಮಾನ: ಧರ್ಮ ಕೈ ಬಿಟ್ಟ ಕಡೆ ವ್ಯಾಪಾರ ಕೈ ಹಿಡಿಯುತ್ತೆ. ಇದನ್ನ ಕೊಡ್ತೀನಿ, ಅದನ್ನ ತಗೋತೀನಿ. ಯಾರೂ ಯಾರಿಗೂ ಆಳಾಗೋದು ಬೇಡ. ಹಳೇದಕ್ಕೆ ಹೊಸದು ಕೊಟ್ರೆ ಯಾವ ಮೂರ್ಖ ಬೇಡ ಅಂತಾನೆ?

ನ್ಯೆಲೆ: ಮೂರ್ಖ ಆದ್ರೆ ಬೇಡ ಅಂತಾನೆ. ಅವನು ಮೂರ್ಖ ಅಲ್ವಲ್ಲ, ಅದಕ್ಕೇ ನನಗೆ ಭಯ.

ಬೀದಿಯ ಕಡೆಯಿಂದ ಯಾರೋ ಚಪ್ಪಾಳೆ ತಟ್ಟುತ್ತ ಬಂದರು. ಮೊಣಕಾಲವರೆಗೆ ಕೆಸರು, ತಲೆಯ ಮೇಲೆ ವಾರೆ ಟೋಪಿ, ಸೊಂಟದ ಹಗ್ಗಕ್ಕೆ ನೇತುಹಾಕಿದ ನೀಲಿ ಕೆಟಲು. ಅದು ಹೆಜ್ಜೆಗೊಂದು ಸಲ ಟಣ್ ಎನ್ನುತ್ತಿತ್ತು.

ಮೊಲೊಬಾಲಿ: ಎಲ್ಲೋ ನಮ್ಮ ಆಳು? ಯಜಮಾನ ಬಂದಿದ್ದಾನೆ, ಚಾಪೆ ಕೊಡವಿ ಹಾಸೋ! ಅತ್ತಿಗೆ, ಮನೇಲಿ ಗಾಳಿ ಹೇಗಿದೆ? ರಾತ್ರಿ ಅಲಸಂದೆ ತಿಂದಿಲ್ಲ ತಾನೇ ಇವನು?

ನ್ಯೆಲೆ: ತಿಂದಿದ್ರೆ ನಿಮ್ಮನೆ ಗೋಡೆಗೇ ಗೊತ್ತಾಗಿರೋದು, ಭಾವ. ಬನ್ನಿ, ಕೂತ್ಕೊಳ್ಳಿ.

ಜುಮಾನ: ಕೂರೋದೇನೂ ಬೇಡ. ನಿಂತ್ಕೊಂಡೇ ಮುಗಿಸೋಣ. ಮೊಲೊಬಾಲಿ, ಇಲ್ನೋಡು. ಹೊಸ ಕೆಟಲು.

ಮೊಲೊಬಾಲಿ: ಆಹಾ! ಹೂವು ಬೇರೆ!

ಜುಮಾನ: ಇದು ನಿಂಗೆ. ಹಳೇದು ನಂಗೆ.

ಮೊಲೊಬಾಲಿ ಹೊಸ ಕೆಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮುಚ್ಚಳ ತೆಗೆದು ಒಳಗೆ ಇಣುಕಿದ, ಬೆರಳಿನಿಂದ ಬಡಿದ, ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಸೊಂಟದ ಹಗ್ಗ ಬಿಚ್ಚಿ, ನೀಲಿಯ ಪಕ್ಕದಲ್ಲೇ ಅದನ್ನೂ ಪೋಣಿಸಿ, ಮತ್ತೆ ಬಿಗಿದುಕೊಂಡ.

ಮೊಲೊಬಾಲಿ: ಒಂಟಿಯಾಗಿತ್ತು ಪಾಪ. ಜೋಡಿ ಮಾಡಿದೆ, ಪುಣ್ಯ ಬರುತ್ತೆ ನಿಂಗೆ.

ಜುಮಾನ: ಏಯ್! ಅದು ಬದಲಿಗೆ ಕಣೋ! ಒಂದು ಕೊಟ್ಟು ಒಂದು ತಗೋಳೋದು! ವ್ಯಾಪಾರ!

ಮೊಲೊಬಾಲಿ: ವ್ಯಾಪಾರಾನಾ? ದೆಂಬೆಲೆಗೂ ದಿಯಾರಾಗೂ ವ್ಯಾಪಾರಾನಾ? ಅತ್ತಿಗೆ, ಕೇಳಿಸ್ಕೊಂಡ್ರಾ? ವ್ಯಾಪಾರ ಗುರುತಿಲ್ಲದವರ ಹತ್ರ ಮಾಡೋದು ಕಣೋ. ಕೊಟ್ಟೆ, ತಗೊಂಡೆ, ಮುಗೀತು, ನಾಳೆ ನೀನ್ಯಾರೋ ನಾನ್ಯಾರೋ. ನನ್ನನ್ನ ಅಷ್ಟು ಸುಲಭಕ್ಕೆ ಮುಗಿಸ್ತೀಯಾ?

ಜುಮಾನ: ಕಳ್ಳ!

ಮೊಲೊಬಾಲಿ: ಹ್ಞೂಂ.

ಜುಮಾನ: ನಾಚಿಕೆಗೆಟ್ಟೋನೇ!

ಮೊಲೊಬಾಲಿ: ಅದು ನಮ್ಮಮ್ಮ ಇಟ್ಟ ಹೆಸರು. ಬೇರೆ ಏನಾದ್ರೂ ಹೇಳು.

ಜುಮಾನ: ಅಣ್ಣ ಮಣ್ಣಾಗಿ ಅವನ ಬಟ್ಟೇಲಿ ಬೆವರು ಇನ್ನೂ ಆರಿಲ್ಲ, ಅದನ್ನೇ ತೊಟ್ಟು ಕುಣಿದ ಹೆಣದ ಕೋತಿ! ಬೇರೆಯವರ ಮನೆ ದುಃಖಕ್ಕೆ ಬಾಲ ಕಟ್ಟಿ ಆಡಿಸೋ ನೊಣ! ನಿನ್ನ ಕೈಲಿ ಕಟ್ಟಿದ ಗೋಡೆ ಮೊದಲ ಮಳೆಗೇ ಮಲಗುತ್ತೆ, ನಿನ್ನ ಮಾತು ಮಳೆ ಇಲ್ದೇನೇ ಮಲಗುತ್ತೆ!

ಮೊಲೊಬಾಲಿಯ ಕಣ್ಣು ಅರಳಿತು. ಅವನು ತೊಡೆ ತಟ್ಟಿಕೊಂಡ.

ಮೊಲೊಬಾಲಿ: ಭೇಷ್! ಹೆಣದ ಕೋತಿ! ಇದು ಹೊಸದು! ದುಃಖಕ್ಕೆ ಬಾಲ ಕಟ್ಟಿ... ಆಹಾ, ಅದೇನು, ನೊಣವಾ? ಎಲ್ಲಿತ್ತೋ ಇಷ್ಟು ದಿನ ಈ ವಿದ್ಯೆ? ಅಣ್ಣನ ನೆರಳಲ್ಲಿ ಮುಚ್ಚಿಟ್ಟಿದ್ದೆಯಾ?

ಪಕ್ಕದ ಗೋಡೆಯ ಆಚೆ ಒಣಮೀನು ಹರಡುತ್ತಿದ್ದ ಹೆಂಗಸು ತಲೆ ಎತ್ತಿದಳು.

ಹೆಂಗಸು: ಜುಮಾನಣ್ಣ, ಆ ಗೋಡೆ ಮಲಗೋದು ಇನ್ನೊಂದ್ಸಲ ಹೇಳಿ, ಅರ್ಧ ಕೇಳಿಸ್ಲಿಲ್ಲ!

ಜುಮಾನ: ನಾನು ತಮಾಷೆ ಮಾಡ್ತಿಲ್ಲ! ನನಗೆ ನಿಜವಾಗ್ಲೂ ಕೋಪ ಬಂದಿದೆ!

ಮೊಲೊಬಾಲಿ: ಮುಖ ನೋಡಿ, ಮುಖ! ಮೂಗಿನ ಹೊಳ್ಳೆ ಅರಳಿಸೋದು ನೋಡಿ! ನಿಜವಾಗ್ಲೂ ಕೋಪ ಬಂದೋರೂ ಇಷ್ಟು ಚೆನ್ನಾಗಿ ಮಾಡಲ್ಲ!

ಹೆಂಗಸು: ಈ ಸಲದ ಮದುವೆಗೆ ಜುಮಾನಣ್ಣನ್ನೇ ಕರೀಬೇಕು ಬೈಯೋಕೆ!

ಜುಮಾನ ಹೊಟ್ಟೆಯೊಳಗಿನ ಬೆಂಕಿಯನ್ನೇ ತೆಗೆದು ಎಸೆದರೆ ಜನ ಅದರಲ್ಲಿ ಮೀನು ಸುಟ್ಟುಕೊಂಡು ತಿನ್ನುವ ಹಾಗಿದ್ದರು. ದೆಂಬೆಲೆಯ ಮೇಲೆ ದಿಯಾರಾ ಕೋಪಗೊಳ್ಳುವುದಕ್ಕೆ ಲೋಕದಲ್ಲಿ ಒಂದು ದಾರಿಯನ್ನೂ ತಾತಂದಿರು ತೆರೆದಿಟ್ಟಿರಲಿಲ್ಲ.

ಮೊಲೊಬಾಲಿ: ಅಲ್ವೋ, ಒಂದು ಮಾತು ಹೇಳೋಕೆ ಏನೋ ಕಷ್ಟ ನಿಂಗೆ? ಇಷ್ಟೊಂದು ಓದಿದೀಯ. ನಾನು ಮಣ್ಣು ಮೆತ್ತೋನು, ನಂಗೆ ಗೊತ್ತಿರೋದು ಗೋಡೆ. ಗೋಡೆ ಒಂದ್ಸಲ ಕಟ್ಟಿಬಿಟ್ರೆ ಮುಗೀತಾ? ಪ್ರತಿ ವರ್ಷ ಕೇರಿಯೋರೆಲ್ಲ ಸೇರಿ ಕೆಸರು ಮೆತ್ತಬೇಕು. ಮೆತ್ತೋರಿಲ್ಲ ಅಂದ್ರೆ ಅದು ದಿಬ್ಬ. ಮನುಷ್ಯನೂ ಹುಟ್ಟಿದ ಮಾತ್ರಕ್ಕೆ ಮನುಷ್ಯ ಆಗಿಬಿಡ್ತಾನಾ? ನಾವು ನಾಲ್ಕು ಜನ ದಿನಾ ಒಂದಿಷ್ಟು ಕೆಸರು ಎರಚಬೇಕು. ನಿಂಗೆ ಕೆಸರು ಅಂದ್ರೆ ಆಗಲ್ಲ. ಬರೀ ಸುಣ್ಣ ಬೇಕು.

ಜುಮಾನ: ಹೌದು. ನಂಗೆ ಸುಣ್ಣಾನೇ ಬೇಕು.

ಹೇಳಿದವನು ಹಾಗೆಯೇ ನಿಂತುಬಿಟ್ಟ. ಮುಖದ ಮೇಲಿನ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. ಗಂಡನ ಮುಖದಲ್ಲಿ ಆ ನುಣುಪನ್ನು ಕಂಡು ನ್ಯೆಲೆ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಜುಮಾನ ಒಳಗೆ ಹೋಗಿ ದೂರದ ಊರಿನ ಅಧಿಕಾರಿಗಳು ಬಂದರೆ ಮಾತ್ರ ಹೊರಗೆ ತೆಗೆಯುತ್ತಿದ್ದ ಕುರ್ಚಿಯನ್ನು ಹೊತ್ತು ತಂದ. ಹೆಗಲ ಬಟ್ಟೆಯಿಂದ ಒರೆಸಿದ. ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿದ.

ಜುಮಾನ: ಬನ್ನಿ ದೆಂಬೆಲೆಯವರೇ. ದಯವಿಟ್ಟು ಕೂತ್ಕೊಳ್ಳಿ.

ಮೊಲೊಬಾಲಿ: ಹ್ಹ! ಕುರ್ಚಿ ಕಾಲು ಮುರಿದಿಟ್ಟಿದ್ದೀಯಾ?

ಜುಮಾನ: ಇಲ್ಲ, ಗಟ್ಟಿಯಾಗಿದೆ. ಮನೇಲಿ ಎಲ್ರೂ ಕ್ಷೇಮ ತಾನೇ? ತಮ್ಮ ಹೆಂಡ್ತಿ ಚೆನ್ನಾಗಿದ್ದಾರಾ? ಮಕ್ಕಳು ಚೆನ್ನಾಗಿದ್ದಾರಾ? ತಮ್ಮ ಆರೋಗ್ಯ?

ಮೊಲೊಬಾಲಿ: ಇರು, ಬರುತ್ತೆ ಈಗ. ಎಲ್ಲೋ ಚುಚ್ಚು ಇಟ್ಟಿದ್ದಾನೆ. ಹ್ಞೂಂ, ಹೇಳು.

ಜುಮಾನ: ದೆಂಬೆಲೆಗಳದು ದೊಡ್ಡ ಮನೆತನ. ನಮ್ಮಂಥವರ ಅಂಗಳಕ್ಕೆ ಬಂದದ್ದು ನಮ್ಮ ಭಾಗ್ಯ.

ಮೊಲೊಬಾಲಿ: ಆಮೇಲೆ?

ಜುಮಾನ: ಆಮೇಲೇನಿಲ್ಲ.

ಮೊಲೊಬಾಲಿ: ದೊಡ್ಡ ಮನೆತನ, ಆದ್ರೆ... ಅಂತ ಏನೋ ಇರಬೇಕಲ್ಲ?

ಜುಮಾನ: ಆದ್ರೆ ಏನೂ ಇಲ್ಲ. ದೊಡ್ಡ ಮನೆತನ, ಅಷ್ಟೇ.

ಗೋಡೆಯಾಚೆಯ ಹೆಂಗಸು ಮೀನು ಹರಡುವುದನ್ನು ನಿಲ್ಲಿಸಿದಳು. ಮೊಲೊಬಾಲಿ ನ್ಯೆಲೆಯ ಕಡೆ ತಿರುಗಿದ. ದನಿ ಇಳಿದಿತ್ತು.

ಮೊಲೊಬಾಲಿ: ಅತ್ತಿಗೆ, ಇವನಿಗೆ ಜ್ವರ ಗಿರ ಇದೆಯಾ?

ನ್ಯೆಲೆ: ರೀ, ಬಾತೊಮಾನ ಅಪ್ಪ, ಸಾಕು. ಇದು ಚೆನ್ನಾಗಿ ಕಾಣಲ್ಲ.

ಜುಮಾನ: ಮನೆಗೆ ಬಂದೋರಿಗೆ ಮರ್ಯಾದೆ ಕೊಡೋದು ಚೆನ್ನಾಗಿ ಕಾಣಲ್ವಾ? ನ್ಯೆಲೆ, ಅವರಿಗೆ ಕುಡಿಯೋಕೆ ತಣ್ಣೀರು ಕೊಡು.

ಮೊಲೊಬಾಲಿ: ಜುಮಾನ, ಬೈಯೋ.

ಜುಮಾನ: ತಮ್ಮನ್ನ ಬೈಯೋಕೆ ನಾನ್ಯಾರು?

ಮೊಲೊಬಾಲಿ: ಒಂದೇ ಒಂದು. ಅಲಸಂದೆ ಅನ್ನು ಸಾಕು. ನಮ್ಮಪ್ಪನ್ನ ಅನ್ನು, ಬೇಕಾದ್ರೆ ತಾತನ್ನ ಅನ್ನು! ಅವನು ತೀರಿಕೊಂಡಿದ್ದಾನೆ, ಬೇಜಾರು ಮಾಡ್ಕೊಳ್ಳಲ್ಲ!

ಜುಮಾನ: ತಮ್ಮ ತಾತ ಗೌರವಸ್ಥರು.

ಮೊಲೊಬಾಲಿ ಎರಡು ಹೆಜ್ಜೆ ಹಿಂದೆ ಸರಿದ. ಸೊಂಟದ ಹಗ್ಗದ ಗಂಟು ಬಿಚ್ಚಲು ಅವನ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ನೀಲಿ ಕೆಟಲನ್ನೂ ಕೆಂಪು ಕೆಟಲನ್ನೂ ಅಂಗಿಯ ಚುಂಗಿನಿಂದ ಒರೆಸಿ ಚಾಪೆಯ ಮೇಲೆ ಇಟ್ಟ. ವಾರೆ ಟೋಪಿಯನ್ನು ನೇರ ಮಾಡಿಕೊಂಡ.

ಮೊಲೊಬಾಲಿ: ತಗೊಳ್ಳಿ, ದಿಯಾರಾ ಅವರೇ. ನನ್ನಿಂದ ತೊಂದರೆ ಆಯ್ತು. ಬರ್ತೀನಿ.

ಅವನು ಹೋದ. ನಡೆಯುವಾಗ ಟಣ್ ಎನ್ನುವ ಸದ್ದಿರಲಿಲ್ಲ.

ಜುಮಾನ: ನೋಡಿದೆಯಾ? ಇಮಾಮರ ಕೈಲಾಗಲಿಲ್ಲ, ಸಂತೆ ಕೈಲಾಗಲಿಲ್ಲ. ಒಂದು ಹನಿ ರಕ್ತ ಇಲ್ಲ, ಒಂದು ತಪ್ಪು ಮಾತಿಲ್ಲ. ಕೆಟಲು ಮನೆಗೆ ಬಂತು. ಒಂದರ ಜಾಗದಲ್ಲಿ ಎರಡು!

ನ್ಯೆಲೆ: ನೋಡಿದೆ.

ಜುಮಾನ: ಇದ್ದಲು ಹಚ್ಚು. ಚಹಾ ಮಾಡೋಣ.

ನ್ಯೆಲೆ: ಯಾರ ಜೊತೆ ಕುಡೀತೀರಿ?

ಜುಮಾನ: ಯಾರ ಜೊತೆ ಅಂದ್ರೆ? ನೀನಿಲ್ವಾ?

ನ್ಯೆಲೆ: ನಾನು ಈ ಕೆಟಲಿನ ಚಹಾ ಕುಡಿಯಲ್ಲ. ಅಳುಮುಖದಲ್ಲಿ ಇಳಿಸಿಟ್ಟು ಹೋದ ಸಾಮಾನು ನನಗೆ ಬೇಡ. ನೀವು ಗೆದ್ರಲ್ಲ, ನೀವೇ ಕುಡೀರಿ. ಅಭ್ಯಾಸ ಮಾಡ್ಕೊಳ್ಳಿ. ನಾಳೆ ನೀವು ಹೋದ ದಿನವೂ ಹೀಗೇ ಇರುತ್ತೆ. ಎಲ್ರೂ ಬರ್ತಾರೆ, ಮರ್ಯಾದೆಯಾಗಿ ಕೂರ್ತಾರೆ, ಮರ್ಯಾದೆಯಾಗಿ ಅಳ್ತಾರೆ. ನೀವು ಸೂಜಿ ಕಚ್ಕೊಂಡು ಗಿರಾಕಿಗೆ ಪಾಠ ಹೇಳೋದನ್ನ ಅಣಕಿಸಿ ತೋರಿಸೋಕೆ ಒಬ್ಬನೂ ಬರಲ್ಲ. ಊರಿಗೆ ಹೊಸಬ ಸತ್ತ ಹಾಗೆ ಹೋಗ್ತೀರಿ.

ಜುಮಾನ ನೀಲಿ ಕೆಟಲನ್ನು ಕೈಗೆತ್ತಿಕೊಂಡ. ಅಣ್ಣನ ಹಿಡಿತಕ್ಕೆ ಹಿಡಿಕೆ ಒಂದು ಕಡೆ ಬಣ್ಣ ಬಿಟ್ಟಿತ್ತು. ಅಲ್ಲಿ ಹೆಬ್ಬೆರಳು ಇಟ್ಟ, ತೆಗೆದ.

ಜುಮಾನ: ಆವತ್ತು ಅವನು ಕಾಲೆಳ್ಕೊಂಡು ಬಾಗಿಲಿಂದ ಬಂದಾಗ, ನ್ಯೆಲೆ... ಒಂದು ಗಳಿಗೆ ಅಣ್ಣನೇ ಬಂದ ಅಂದ್ಕೊಂಡೆ ಕಣೇ. ಎದ್ದೇಬಿಟ್ಟಿದ್ದೆ. ಅದಕ್ಕೇ ನಗೋಕಾಗ್ಲಿಲ್ಲ.

ನ್ಯೆಲೆ: ನಿಮ್ಮತ್ತಿಗೆಗೂ ಹಾಗೇ ಆಯ್ತಂತೆ. ಅದಕ್ಕೇ ಅವಳು ನಕ್ಕಿದ್ದು.

ಜುಮಾನ ಕೆಟಲನ್ನು ಕೆಳಗಿಟ್ಟು ಎದ್ದ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯದು ಸಿಕ್ಕಿತು. ಹಾಗೇ ಬೀದಿಗೆ ಓಡಿದ. ಮೊಲೊಬಾಲಿ ಇನ್ನೂ ತಿರುವಿನಲ್ಲಿದ್ದ, ಕೆಲಸ ಕಳೆದುಕೊಂಡವನ ಹಾಗೆ ನಡೆಯುತ್ತಿದ್ದ.

ಜುಮಾನ: ಏಯ್ ಅಲಸಂದೆ! ನಿಲ್ಲೋ!

ಮೊಲೊಬಾಲಿ: ನನ್ನನ್ನ ಕರೆದ್ರಾ, ದಿಯಾರಾ ಅವರೇ?

ಜುಮಾನ: ಏನೋ ಅವರೇ ಇವರೇ? ಹೆಣದ ಕೋತಿ! ಕೆಸರು ಹಂದಿ!

ಮೊಲೊಬಾಲಿ: ತಾವು ದೊಡ್ಡವರು. ತಮ್ಮ ಬಾಯಲ್ಲಿ ಇಂಥ ಮಾತು ಬರಬಾರದು.

ಜುಮಾನ: ಮೊಲೊಬಾಲಿ, ಮರ್ಯಾದೆ ಕೊಡಬೇಡ ಕಣೋ. ಕೈ ಮುಗೀತೀನಿ.

ಮೊಲೊಬಾಲಿ: ಮರ್ಯಾದೆ ತಾವೇ ಕಲಿಸಿದ್ದು. ನನಗೀಗ ರುಚಿ ಹತ್ತಿದೆ.

ಬೀದಿಯ ಜನ ನೆರೆಯತೊಡಗಿದ್ದರು. ಮೀನಿನ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು. ಮಸೀದಿಯಿಂದ ಮನೆಗೆ ಹೊರಟಿದ್ದ ಇಮಾಮರು ಗೋಡೆಯ ನೆರಳಲ್ಲಿ ನಿಂತುಕೊಂಡರು. ಇನ್ನು ಉಳಿದಿರುವುದು ಒಂದೇ ಮಾತೆಂದು ಜುಮಾನನಿಗೆ ಗೊತ್ತಿತ್ತು. ಕಾಲಿನ ಎರಡು ಬಗೆಯ ಚಪ್ಪಲಿಗಳ ಕಡೆ ಕಣ್ಣು ನೆಟ್ಟು ಅದನ್ನು ಶುರು ಮಾಡಿದ.

ಜುಮಾನ: ದಿಯಾರಾಗಳು... ದೆಂಬೆಲೆಗಳ ಆಳುಗಳು.

ಮೊಲೊಬಾಲಿ: ಗಾಳಿ ಜಾಸ್ತಿ ಇದೆ, ಕೇಳಿಸ್ಲಿಲ್ಲ.

ಜುಮಾನ: ದಿಯಾರಾಗಳು ದೆಂಬೆಲೆಗಳ ಆಳುಗಳು! ಕೇಳಿಸ್ತಾ?

ಮೊಲೊಬಾಲಿ: ತಿನ್ನೋದು?

ಜುಮಾನ: ಅಲಸಂದೆ! ಬೆಳಿಗ್ಗೆ ಅಲಸಂದೆ, ಮಧ್ಯಾಹ್ನ ಅಲಸಂದೆ, ರಾತ್ರಿ ಅಲಸಂದೆ! ಸಾಕಾ?

ಮೊಲೊಬಾಲಿ ಕೆಸರುಗಾಲಲ್ಲೇ ಎಗರಿ ಜುಮಾನನ ಕುತ್ತಿಗೆಗೆ ಜೋತುಬಿದ್ದ. ಬೀದಿ ಕೇಕೆ ಹಾಕಿತು. ಇಮಾಮರು ಗಡ್ಡ ಹಿಡಿದುಕೊಂಡರು. ಮೊಲೊಬಾಲಿಯ ಕಣ್ಣಲ್ಲಿ ನೀರು ಬಂದಿತ್ತು. ಅದು ನಗುವಿನದೋ ಬೇರೆಯದೋ ಅವನಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಮೊಲೊಬಾಲಿ: ಅಯ್ಯೋ ನನ್ನ ಆಳೇ! ನಿಮ್ಮಣ್ಣನ ಬಾಯಿಂದ ಈ ಮಾತು ಹೊರಡಿಸೋಕೆ ನನ್ನ ಹಲ್ಲೆಲ್ಲ ಉದುರಿಹೋದ್ವು ಕಣೋ, ಒಂದ್ಸಲಾನೂ ಹೇಳಲಿಲ್ಲ ಆ ಪುಣ್ಯಾತ್ಮ! ನೀನು ಒಂದು ಕೆಟಲಿಗೆ ಹೇಳಿಬಿಟ್ಟೆಯಲ್ಲೋ!

ಜುಮಾನ: ಏನಂದೆ?

ಮೊಲೊಬಾಲಿ: ಒಂದ್ಸಲಾನೂ ಇಲ್ಲ!

ಜುಮಾನ: ವರ್ಷಾ ವರ್ಷಾ ಹೇಳ್ತಿದ್ದ ಅಂತ ಊರಿಗೆಲ್ಲ ನೀನೇ ಸಾರಿದ್ಯಲ್ಲೋ!

ಮೊಲೊಬಾಲಿ: ಸಾರಿದ್ದೆ. ದೆಂಬೆಲೆ ಬಾಯಿಂದ ಬಂದದ್ದನ್ನ ನಂಬಿದ ಮೊದಲನೇ ದಿಯಾರಾ ನೀನು. ಬರೆದಿಡಬೇಕು ಇದನ್ನ.

ಜುಮಾನ: ಮತ್ತೆ ನೀನು ಎತ್ಕೊಂಡು ಹೋದ ಸಾಮಾನೆಲ್ಲ ಅವನು ಹೇಗೋ ಬಿಡಿಸ್ಕೊಳ್ತಿದ್ದ?

ಮೊಲೊಬಾಲಿ: ಅವನಾ? ಬಿಡಿಸ್ಕೊಳ್ಳೋದೆಲ್ಲಿ ಬಂತು! ನಾನು ಇಲ್ಲಿ ಚಹಾ ಕುಡೀತಾ ಕೂತಿರೋವಾಗ ಹೋಗಿ ನಮ್ಮನೆ ಬಾಗಿಲನ್ನೇ ಕಿತ್ತು ತಲೆ ಮೇಲೆ ಹೊತ್ಕೊಂಡು ಬಂದುಬಿಡ್ತಿದ್ದ. ಮನೆಯೊಳಗೆ ಆಡು ನುಗ್ಗಿ, ಹೆಂಡ್ತಿ ಒನಕೆ ಹಿಡಿದಮೇಲೆ ನಾನೇ ಬಂದು "ದೆಂಬೆಲೆಗಳು ನಿಮ್ಮ ಆಳುಗಳು ಸ್ವಾಮೀ" ಅನ್ನಬೇಕಾಗಿತ್ತು. ಬಾ ಬಾ, ಅದೆಲ್ಲ ಹೋಯ್ತು. ಮೂರು ಸುತ್ತಿನ ಚಹಾದಲ್ಲಿ ಮೊದಲ ಸುತ್ತು ನೀನೇ ಸುರಿದು ಕೊಡಬೇಕು, ಆಳು ತಾನೇ?

ಮನೆಯ ಮುಂದೆ ನ್ಯೆಲೆ ಇದ್ದಲು ಹಚ್ಚಿದ್ದಳು. ನೀಲಿ ಕೆಟಲು ಹಬೆಯಾಡುತ್ತಿತ್ತು. ಮೊಲೊಬಾಲಿ ಅಧಿಕಾರಿಗಳ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, ಸಕ್ಕರೆ ಕಡಿಮೆಯೆಂದು ಗದರಲು ಶುರು ಮಾಡಿದ. ಜುಮಾನ ಕೂರಲಿಲ್ಲ. ಕಾಲಿನಲ್ಲಿದ್ದ ಹೆಂಡತಿಯ ಚಪ್ಪಲಿಯನ್ನು ಬಿಟ್ಟು ತನ್ನದನ್ನು ಮೆಟ್ಟಿಕೊಂಡ, ತೋಳು ಮಡಿಸಿದ, ಸದ್ದಿಲ್ಲದೆ ಹಿತ್ತಲ ದಾರಿ ಹಿಡಿದ.

ನ್ಯೆಲೆ: ಬಾತೊಮಾನ ಅಪ್ಪ! ಚಹಾ ಕುದೀತಿದೆ, ಎಲ್ಲಿಗೆ ಹೊರಟ್ರಿ?

ಜುಮಾನ: ಮೆಲ್ಲಗೆ ಮಾತಾಡೇ. ಅವನಿಗೆ ಮೂರು ಸುತ್ತೂ ಕುಡಿಸು. ಬಾಗಿಲು ಭಾರ ಇರುತ್ತೆ.